ಮಗಳು ರಾಮೆನ್ ತಿನ್ನಿಸ್ತೀನಿ ಅಂದರೆ...

ಟಾಪ್ ರಾಮೆನ್ ಪೊಟ್ಟಣ ನಿಮಗೇನೂ ಹೊಸದಲ್ಲ. 1991ರಿಂದ ನಮ್ಮ ಅಂಗಡಿಗಳಲ್ಲಿದೆ. ಶಾಲೆಯಿಂದ ಬಂದ ಮಕ್ಕಳಿಗೆ ಅದನ್ನು ನೀವು ಎಷ್ಟು ಸಲ ಮಾಡಿಕೊಟ್ಟಿಲ್ಲ? ಈಗ ಅದೇ ಮಗಳು ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾಳೆ. ಕುರಕುಂಟಾದಿಂದ ಹೊರಟ ನೀವು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು, ವಾಡಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಅವಳ ರೂಮಿಗೆ ಬಂದಿಳಿದಿದ್ದೀರಿ. "ಅವ್ವಾ, ಸಂಜಿಗಿ ಖರೇ ರಾಮೆನ್ ತಿನ್ನಸ್ತೀನಿ, ನಡಿ" ಅನ್ನುತ್ತಾಳೆ. ಆ ಸಾರನ್ನು ಹಂದಿ ಮೂಳೆಯಿಂದ ಮಾಡುತ್ತಾರೆ ಅನ್ನೋದು ನಿಮ್ಮ ಕಿವಿಗೆ ಮೊದಲೇ ಬಿದ್ದಿದೆ. ಏನು ಮಾಡ್ತೀರಿ? ತಲೆನೋವು ಅಂತ ರೂಮಿನಲ್ಲೇ ಮಲಗಿಬಿಡುವುದೇ?

ಬೇಡ, ಹೋಗಿ. ಆದರೆ ತಿಳಿದುಕೊಂಡು ಹೋಗಿ. ನಿಮ್ಮ ನೇಮವನ್ನೂ ಬಿಡಬೇಕಾಗಿಲ್ಲ, ಮಗಳ ಮುಖವನ್ನೂ ಸಪ್ಪೆ ಮಾಡಬೇಕಾಗಿಲ್ಲ.

ಮೊದಲು ಒಂದು ವಿಷಯ. ರಾಮೆನ್ ಅಂದರೆಲ್ಲ ಹಂದಿ ಸಾರಲ್ಲ. ಹಂದಿ ಮೂಳೆಯ ಗಟ್ಟಿ ಸಾರಿಗೆ ಜಪಾನಿಗಳು 'ಟೊಂಕೊತ್ಸು' ಅನ್ನುತ್ತಾರೆ. ಇದು ಜಪಾನಿನ ದಕ್ಷಿಣಕ್ಕಿರುವ ಕ್ಯುಶು ದ್ವೀಪದ್ದು. ಅಲ್ಲಿನ ಫುಕುವೊಕಾ ಪ್ರಾಂತದ ಕುರುಮೆ ಎಂಬ ಊರಲ್ಲಿ 1937ರಲ್ಲಿ 'ನಾಂಕಿನ್ ಸೆನ್ರ್ಯೋ' ಎಂಬ ತಳ್ಳುಗಾಡಿಯಲ್ಲಿ ಹಂದಿ ಮೂಳೆಯ ತಿಳಿ ಸಾರು ಶುರುವಾಯಿತು. ಹಾಲಿನಂಥ ಬಿಳಿ ಸಾರು ಬಂದದ್ದು ಹತ್ತು ವರ್ಷದ ನಂತರ, ಅದೇ ಊರಿನ ಇನ್ನೊಂದು ಅಂಗಡಿಯಲ್ಲಿ. ಒಲೆ ಮೇಲಿಟ್ಟ ಪಾತ್ರೆ ಅತಿಯಾಗಿ ಕುದ್ದು ಸಾರು ಬೆಳ್ಳಗಾಗಿಬಿಟ್ಟಿತಂತೆ. ಚೆಲ್ಲಬೇಕು ಅಂದುಕೊಂಡವರು ರುಚಿ ನೋಡಿದರೆ, ಅಬ್ಬಾ! ಹಾಗಂತ ಅಲ್ಲಿಯವರು ಹೇಳುತ್ತಾರೆ. ಒಲೆ ಮೇಲೆ ಹಾಲಿಟ್ಟು ಮರೆಯುವ ನಮಗೆ ಇದೇನು ನಂಬಲಾಗದ ಕಥೆಯಲ್ಲ ಬಿಡಿ.

ಮಾಡುವ ಬಗೆ ಕೇಳಿದರೆ ನಿಮಗೆ ಗುರುತು ಹತ್ತುತ್ತದೆ. ಹಂದಿಯ ಕಾಲು, ಮೂಳೆಗಳನ್ನು ನೆನೆಹಾಕಿ ರಕ್ತ ತೆಗೆಯುತ್ತಾರೆ. ಒಂದು ಕುದಿ ಬಂದ ಮೇಲೆ ಆ ನೀರು ಚೆಲ್ಲಿ, ಮೂಳೆ ತಿಕ್ಕಿ ತೊಳೆದು, ಹೊಸ ನೀರಿನಲ್ಲಿ ಹತ್ತು ಹನ್ನೆರಡು ತಾಸು, ಕೆಲವು ಕಡೆ ಇನ್ನೂ ಹೆಚ್ಚು, ಕೊತಕೊತ ಕುದಿಸುತ್ತಾರೆ. ಚರ್ಮ, ನರ, ಮೂಳೆಯಲ್ಲಿರುವ ಕೊಲಾಜನ್ ಕರಗಿ ಜಿಲೆಟಿನ್ ಆಗುತ್ತದೆ. ಜೋರಾದ ಕುದಿತಕ್ಕೆ ಕೊಬ್ಬು ಸಣ್ಣ ಸಣ್ಣ ಹನಿಗಳಾಗಿ ಒಡೆದು ನೀರಿನಲ್ಲಿ ಬೆರೆಯುತ್ತದೆ. ಆ ಬಿಳಿ ಬಣ್ಣಕ್ಕೆ ಅದೇ ಕಾರಣ, ಹಾಲೂ ಅಲ್ಲ, ಹಿಟ್ಟೂ ಅಲ್ಲ. ನಮ್ಮ ಕಡೆ ಬಾಣಂತಿಗೆ, ಕಾಲು ಮುರಿದವರಿಗೆ ಕುದಿಸಿಕೊಡುವ ಕುರಿ ಕಾಲಿನ ಸಾರು, ಹೈದರಾಬಾದಿನವರ ಪಾಯಾ, ಎಲ್ಲ ಇದೇ ಲೆಕ್ಕ. ಪ್ರಾಣಿ ಬೇರೆ, ಮಸಾಲೆ ಬೇರೆ, ಉಪಾಯ ಒಂದೇ. ಹಂದಿ ಮಾಂಸವೂ ಕರ್ನಾಟಕಕ್ಕೆ ಹೊರಗಿನದಲ್ಲ. ಕೊಡಗಿನ ಮದುವೆ ಮನೆಯಲ್ಲಿ ಪಂದಿಕರಿ ಇಲ್ಲದಿದ್ದರೆ ಊಟವೇ ಆದಂತಲ್ಲ.

ನೂಡಲ್‌ನಲ್ಲೂ ಒಂದು ಪರಿಚಯದ ಸಾಮಾನಿದೆ. ನಮ್ಮ ಶ್ಯಾವಿಗೆಯಂತೆ ಇದೂ ಗೋಧಿಯದೇ, ಆದರೆ ಹಿಟ್ಟಿಗೆ 'ಕಾನ್ಸುಯ್' ಎಂಬ ಕ್ಷಾರದ ನೀರು ಸೇರಿಸುತ್ತಾರೆ. ಹಪ್ಪಳಕ್ಕೆ ನೀವು ಹಾಕುವ ಪಾಪಡಖಾರದ ನೆಂಟ ಅದು. ಎಳೆಗೆ ಹಳದಿ ಬಣ್ಣ, ಜಗಿದರೆ ಪುಟಿಯುವ ಗುಣ ಬರುವುದು ಅದರಿಂದಲೇ.

ನಾಚಿಕೊಳ್ಳದೆ ಕೇಳಿ

ಈಗ ಅಂಗಡಿ ವಿಷಯಕ್ಕೆ ಬನ್ನಿ. ಬೆಂಗಳೂರಿನಲ್ಲಿ 2022ರಲ್ಲಿ ಶೆಫ್ ಕವನ್ ಕುಟ್ಟಪ್ಪ ಶುರುಮಾಡಿದ 'ನಾರು ನೂಡಲ್ ಬಾರ್' ರಾಮೆನ್‌ಗೆ ಹೆಸರಾಗಿದೆ. ಇಂಥ ಕಡೆ ಇರುವ ಸೀಟುಗಳೇ ಕೆಲವು, ಮುಂಚೆಯೇ ಕಾದಿರಿಸಬೇಕು. ಕಾದಿರಿಸುವಾಗಲೇ ಮಗಳ ಕೈಲಿ ಕೇಳಿಸಿಬಿಡಿ: "ನಮ್ಮ ಅಮ್ಮ ಹಂದಿ ತಿನ್ನಲ್ಲ, ಅವರಿಗೆ ಏನಿದೆ?" ಹೋಗಿ ಕೂತ ಮೇಲೆ ಒದ್ದಾಡುವುದಕ್ಕಿಂತ ಇದು ಎಷ್ಟೋ ವಾಸಿ.

ನೀವು ಕೋಳಿ ತಿನ್ನುವವರಾದರೆ ಚಿಂತೆಯಿಲ್ಲ. ಕೋಳಿ ಮೂಳೆಯಿಂದಲೂ ಇಂಥದ್ದೇ ಬಿಳಿ ಸಾರು ಮಾಡುತ್ತಾರೆ, 'ತೋರಿ ಪೈತಾನ್' ಅಂತ ಅದರ ಹೆಸರು. ಆದರೂ ಅದಕ್ಕೆ ಹಂದಿ ಕೊಬ್ಬಿನ ಎಣ್ಣೆ ಸೇರಿಸಿದ್ದಾರಾ, ನೂಡಲ್ ಬೇಯಿಸುವ ನೀರು, ಸೌಟು ಒಂದೇನಾ ಅಂತ ವಿಚಾರಿಸಿ. ಮೇಲಿಟ್ಟ ಮಾಂಸದ ತುಂಡು ತೆಗೆದಿಟ್ಟರೆ ಬಟ್ಟಲು ಶುದ್ಧವಾಗುವುದಿಲ್ಲ, ಸಾರೇ ಹಂದಿಯದು ಅನ್ನೋದು ನೆನಪಿರಲಿ. ಶಾಖಾಹಾರಿಗಳಂತೂ 'ವೆಜಿಟೆಬಲ್ ರಾಮೆನ್' ಎಂಬ ಹೆಸರಿಗೆ ಮರುಳಾಗಬೇಡಿ. ಮೇಲೆ ತರಕಾರಿ ಇದ್ದು, ಸಾರು ಒಣ ಮೀನಿನ 'ದಾಶಿ'ಯದಾಗಿರಬಹುದು. ನೂಡಲ್‌ಗೆ ಮೊಟ್ಟೆ ಬಿದ್ದಿರಬಹುದು. ಮುಸ್ಲಿಂ ಗೆಳತಿಯರು, ಮದ್ಯ ಬೇಡವೆನ್ನುವ ಎಲ್ಲರೂ, ಮಿರಿನ್ ಅಥವಾ ಸಾಕೆ ಹಾಕಿದೆಯೇ ಎಂದೂ ಕೇಳಬೇಕು. ಇವೆರಡೂ ಅಕ್ಕಿಯಿಂದ ಮಾಡಿದ ಮದ್ಯ. ಮಗನೋ ಮಗಳೋ ಜಪಾನಿನಲ್ಲೇ ಇದ್ದರೆ, ಟೋಕಿಯೊ ಸ್ಟೇಷನ್ನಿನೊಳಗೇ 'ಟೀಸ್ ತಾನ್‌ತಾನ್' ಎಂಬ, ಮಾಂಸ, ಮೀನು, ಮೊಟ್ಟೆ, ಹಾಲು ಏನೂ ಇಲ್ಲದ ರಾಮೆನ್ ಅಂಗಡಿಯಿದೆ.

ಏನೂ ಹೊಂದದಿದ್ದರೆ? ಒಂದು ಚಹಾ ಹೇಳಿ, ಮಗಳ ಎದುರು ಕೂತು ಅವಳು ತಿನ್ನುವುದನ್ನು ನೋಡಿ. ಇದು ಸುಲಭವಲ್ಲ ಅಂತ ಗೊತ್ತು. ಮನೆಯಲ್ಲಿ ಯಾರೂ ಮುಟ್ಟದ್ದನ್ನು ಮಗಳು ತಿಂತಾಳೆ ಅಂದರೆ ಹೊಟ್ಟೆಯಲ್ಲಿ ಏನೋ ಆಗುತ್ತೆ. ಆದರೆ ಮುಚ್ಚಿಟ್ಟು ತಿನ್ನದೆ, ನಿಮ್ಮನ್ನೇ ಕರೆದುಕೊಂಡು ಬಂದಿದ್ದಾಳಲ್ಲ! ಅಂಗಡಿಯಲ್ಲೇ ರಂಪ ಮಾಡಿದರೆ ಮುಂದಿನ ಸಲ ಅವಳು ಏನು ತಿಂದಳು, ಎಲ್ಲಿ ಹೋದಳು ಅನ್ನೋದೂ ನಿಮಗೆ ತಿಳಿಯುವುದಿಲ್ಲ. ಮಕ್ಕಳಿಗೂ ಒಂದು ಮಾತು: "ಒಂದ್ ಸಲ ತಿಂದ್ರ ಏನಾಗ್ತದವ್ವಾ" ಅಂತ ತಾಯಿಯನ್ನು ಪೀಡಿಸಬೇಡಿ. ಏನೆಂದು ಹೇಳದೆ ತಿನ್ನಿಸುವುದಂತೂ ಮೋಸ.

ಇನ್ನು ಹಂದಿ ತಿನ್ನುವವರಿಗೆ ಹುಳುವಿನ ಭಯ. ಅರೆಬೆಂದ ಹಂದಿ ಮಾಂಸದಿಂದ ಲಾಡಿಹುಳು ಬರುವುದು ನಿಜ. ಅದರ ಮೊಟ್ಟೆ ಕೊಳೆ ನೀರು, ತೊಳೆಯದ ಸೊಪ್ಪಿನ ಮೂಲಕ ಹೊಟ್ಟೆ ಸೇರಿದರೆ ಮಿದುಳಲ್ಲಿ ಗಂಟಾಗಿ ಫಿಟ್ಸ್ ಬರುವುದೂ ಉಂಟು. ಆದರೆ ತಾಸುಗಟ್ಟಲೆ ಕುದ್ದ ಸಾರಿನಲ್ಲಿ ಅದು ಉಳಿಯುವುದಿಲ್ಲ. ಮಾಂಸದ ತುಂಡು ಒಳಗೂ ಚೆನ್ನಾಗಿ ಬೆಂದಿದೆಯೇ ನೋಡಿದರಾಯಿತು.

ನಿಜವಾದ ಎಚ್ಚರಿಕೆ ಬೇಕಾದದ್ದು ಉಪ್ಪಿನ ಬಗ್ಗೆ. ಒಂದು ಬಟ್ಟಲು ರಾಮೆನ್‌ನ ಸಾರನ್ನೆಲ್ಲ ಕುಡಿದರೆ ಐದಾರು ಗ್ರಾಂ ಉಪ್ಪು ಒಳಗೆ ಹೋಗುವುದುಂಟು. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳುವುದು 5 ಗ್ರಾಂಗಿಂತ ಕಡಿಮೆ. ಬಿ.ಪಿ. ಇದ್ದವರು ನೂಡಲ್ ತಿಂದು ಸಾರನ್ನು ಅರ್ಧಕ್ಕೇ ಬಿಡಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಸುರ್ ಸುರ್ ಎಂದು ಸದ್ದು ಮಾಡಿ ತಿಂದರೂ ಜಪಾನಿನಲ್ಲಿ ಅದು ಮರ್ಯಾದೆಗೇಡಲ್ಲ. ತಡಮಾಡಿದರೆ ನೂಡಲ್ ಹಿಗ್ಗಿ ಮೆತ್ತಗಾಗುತ್ತದೆ, ಹಾಗಾಗಿ ಫೋಟೊ ಆಮೇಲೆ! ಕಡ್ಡಿ ಹಿಡಿಯಲು ಬಾರದಿದ್ದರೆ ಫೋರ್ಕ್ ಕೇಳಿ. ಆದರೆ ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸಬೇಡಿ, ಅವರಲ್ಲಿ ಅದು ಸತ್ತವರಿಗೆ ಅನ್ನ ಇಡುವ ಕ್ರಮ.

ಊರಿಗೆ ಬಂದು ಮಾಡಿ ನೋಡಿ

ಮಾಂಸಾಹಾರಿಗಳಾದರೆ ಇದೇ ಉಪಾಯವನ್ನು ಕುರಿ ಕಾಲಿಗೆ ಹಾಕಿ. ಸುಟ್ಟು ಕೆರೆದ ನಾಲ್ಕು ಕಾಲನ್ನು ಒಂದು ಕುದಿ ಕುದಿಸಿ ನೀರು ಚೆಲ್ಲಿ. ಚೆನ್ನಾಗಿ ತೊಳೆದು, ಶುಂಠಿ, ಬೆಳ್ಳುಳ್ಳಿ, ಈರುಳ್ಳಿಯೊಂದಿಗೆ ಕುಕ್ಕರಿನಲ್ಲಿ ಸಣ್ಣ ಉರಿಯಲ್ಲಿ ಒಂದು ತಾಸು ಇಡಿ. ಆಗ ಸಾರು ತಿಳಿಯಾಗೇ ಇರುತ್ತದೆ. ಕುಕ್ಕರ್ ಪೂರಾ ತಣಿದ ಮೇಲೆ ಮುಚ್ಚಳ ತೆಗೆದು, ದೊಡ್ಡ ಉರಿಯಲ್ಲಿ ಅರ್ಧ ತಾಸು ಕೊತಕೊತ ಕುದಿಸಿ, ಬೆಳ್ಳಗಾಗುತ್ತಾ ಬರುತ್ತದೆ. ಉಪ್ಪು, ಮೆಣಸಿನಪುಡಿ ಕೊನೆಗೆ. ಮಂಡಿನೋವು ಇದರಿಂದಲೇ ಹೋಗುತ್ತೆ ಅಂತ ಮಾತ್ರ ನಂಬಬೇಡಿ. ತಿಂದ ಕೊಲಾಜನ್ ಹೊಟ್ಟೆಯಲ್ಲಿ ಜೀರ್ಣವಾಗುತ್ತದೆ, ನೇರ ಮಂಡಿಗೇನೂ ಹೋಗುವುದಿಲ್ಲ. ಮೂಳೆ ಸಾರಿನಲ್ಲಿ ಕ್ಯಾಲ್ಸಿಯಂ ಕೂಡ ನಾವು ಅಂದುಕೊಂಡಷ್ಟಿಲ್ಲ.

ಉಳಿದ ಸಾರನ್ನು ಆರಿಸಿ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ಜೆಲ್ಲಿಯಂತೆ ಗಟ್ಟಿಯಾಗಿದ್ದರೆ ಕೆಟ್ಟಿತು ಅಂತ ಚೆಲ್ಲಬೇಡಿ. ಅದು ಜಿಲೆಟಿನ್, ಸಾರು ಸರಿಯಾಗಿ ಇಳಿದಿದೆ ಅಂತ ಅರ್ಥ. ಮೇಲೆ ಹೆಪ್ಪುಗಟ್ಟಿದ ಕೊಬ್ಬನ್ನು ಚಮಚದಲ್ಲಿ ತೆಗೆದು, ಬಿಸಿ ಮಾಡಿ, ಖಡಕ್ ರೊಟ್ಟಿ ಮುರಿದು ಹಾಕಿಕೊಳ್ಳಿ.