ದೊಡ್ಡ ಮಾದರಿ ಜೆಟ್‌ಗೆ ಫ್ಯಾನ್ ಆಯ್ಕೆ: ವ್ಯಾಟ್ ನೋಡುವ ಮುನ್ನ ತೂಕ ನೋಡಿ

ಮಂಜೇಶ್ವರ: ಶಾಸ್ತ್ರೋತ್ಸವದ ಸಿದ್ಧತೆಯ ದಿನಗಳಲ್ಲಿ ಹತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬ ತನ್ನ ತಂದೆಯೊಂದಿಗೆ ಬಂದಿದ್ದ. ತೇಜಸ್ ಯುದ್ಧವಿಮಾನದ ದೊಡ್ಡ ಮಾದರಿಯನ್ನು ಕಟ್ಟಿ ಹಾರಿಸಬೇಕೆಂಬುದು ಅವನ ಆಸೆ. "ಸರ್, ಈ ಫ್ಯಾನಿಗೆ ಮೂರು ಸಾವಿರ ವ್ಯಾಟ್ ಇದೆ. ಇಷ್ಟು ಸಾಕಲ್ಲವೇ?" ಎಂದು ಕೇಳಿದ. ತಂದೆ ಕೇಳಿದ್ದು ಬೇರೆ ಪ್ರಶ್ನೆ: "ಇಷ್ಟು ಹಣ ಹಾಕಿದ ಮೇಲೆ ಅದು ಹಾರುತ್ತದೆಯೇ?" ಎರಡೂ ಪ್ರಶ್ನೆಗಳಿಗೆ ಉತ್ತರ ಒಂದೇ ಲೆಕ್ಕದಲ್ಲಿದೆ. ಒಂಬತ್ತನೆಯ ತರಗತಿಯ ಭೌತಶಾಸ್ತ್ರ ತಿಳಿದವರು ಅದನ್ನು ಮನೆಯಲ್ಲೇ ಮಾಡಬಹುದು.

ಮಾದರಿ ಜೆಟ್‌ಗಳಲ್ಲಿ ಬಳಸುವ ಸಾಧನಕ್ಕೆ ಎಲೆಕ್ಟ್ರಿಕ್ ಡಕ್ಟೆಡ್ ಫ್ಯಾನ್, ಚುಟುಕಾಗಿ ಇಡಿಎಫ್, ಎಂದು ಹೆಸರು. ಕೊಳವೆಯೊಳಗೆ ಅತಿವೇಗದಲ್ಲಿ ತಿರುಗುವ ಈ ಫ್ಯಾನು ಮುಂದಿನಿಂದ ಗಾಳಿಯನ್ನು ಸೆಳೆದು ಹಿಂದಕ್ಕೆ ತಳ್ಳುತ್ತದೆ. ಪ್ರತಿಕ್ರಿಯೆಯಾಗಿ ವಿಮಾನ ಮುಂದಕ್ಕೆ ಸಾಗುತ್ತದೆ. ನ್ಯೂಟನ್ನನ ಮೂರನೆಯ ನಿಯಮವೇ ಇಲ್ಲಿ ಕೆಲಸ ಮಾಡುವುದು.

ಮೊದಲು ತೂಕ

ತೇಜಸ್‌ನ ವಿನ್ಯಾಸ ರೂಪುಗೊಂಡದ್ದು ಬೆಂಗಳೂರಿನಲ್ಲಿ. ಅದು ಮೊದಲು ಹಾರಿದ್ದು 2001ರ ಜನವರಿ 4ರಂದು. ನಿಜವಾದ ವಿಮಾನದ ಉದ್ದ 13.2 ಮೀಟರ್, ರೆಕ್ಕೆಯ ಅಗಲ 8.2 ಮೀಟರ್. ಆರನೆಯ ಒಂದರ ಅಳತೆಯಲ್ಲಿ ಕಟ್ಟಿದರೆ ಉದ್ದ 2.2 ಮೀಟರ್, ರೆಕ್ಕೆ ಸುಮಾರು 1.37 ಮೀಟರ್ ಆಗುತ್ತದೆ. ಚಕ್ರ, ಬ್ಯಾಟರಿ ಎಲ್ಲ ಸೇರಿ ತೂಕ 8 ಕಿಲೋ ಎಂದು ಇಟ್ಟುಕೊಳ್ಳೋಣ.

ನುಣುಪಾದ ಡಾಂಬರು ಪಟ್ಟಿಯಿಂದ ಏರಬೇಕಾದರೆ ತೂಕದ ಮುಕ್ಕಾಲು ಪಾಲಿನಷ್ಟು ನೂಕುಬಲ ಸಾಕು. ಹುಲ್ಲಿನ ಮೈದಾನವಾದರೆ ತೂಕಕ್ಕೆ ಹತ್ತಿರದಷ್ಟೇ ಬೇಕು. ನಮ್ಮ ಊರುಗಳಲ್ಲಿ ಸಿಗುವುದು ಶಾಲಾ ಮೈದಾನ. ಆದ್ದರಿಂದ ಈ ವಿಮಾನಕ್ಕೆ ಏಳೂವರೆ ಕಿಲೋ ನೂಕುಬಲ ಬೇಕೆನ್ನೋಣ.

ಅದೇ ಬಲ, ಕಡಿಮೆ ವಿದ್ಯುತ್

ನೂಕುಬಲವನ್ನು ಎರಡು ಬಗೆಯಲ್ಲಿ ಪಡೆಯಬಹುದು: ಸ್ವಲ್ಪ ಗಾಳಿಯನ್ನು ಬಹಳ ವೇಗವಾಗಿ ತಳ್ಳಬಹುದು, ಇಲ್ಲವೇ ಹೆಚ್ಚು ಗಾಳಿಯನ್ನು ಹದವಾದ ವೇಗದಲ್ಲಿ ತಳ್ಳಬಹುದು. ಬಲ ವೇಗಕ್ಕೆ ತಕ್ಕಂತೆ ಏರಿದರೆ, ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಆದ್ದರಿಂದ ಎರಡನೆಯ ದಾರಿಯಲ್ಲಿ ಖರ್ಚು ಕಡಿಮೆ.

90 ಮಿಲಿಮೀಟರ್ ವ್ಯಾಸದ ಫ್ಯಾನಿನಿಂದ ಏಳೂವರೆ ಕಿಲೋ ಬಲ ಪಡೆಯಲು, ಮೂರನೆಯ ಒಂದು ಪಾಲು ವ್ಯರ್ಥವಾಗುವುದೆಂದು ಲೆಕ್ಕ ಹಿಡಿದರೆ, ಸುಮಾರು 6000 ವ್ಯಾಟ್ ಬೇಕು. 120 ಮಿಲಿಮೀಟರ್ ಫ್ಯಾನಿಗಾದರೆ ಸುಮಾರು 4500 ವ್ಯಾಟ್ ಸಾಕು. ಆ ವಿದ್ಯಾರ್ಥಿ ತೋರಿಸಿದ್ದು 90 ಮಿಲಿಮೀಟರಿನ 3000 ವ್ಯಾಟ್ ಫ್ಯಾನು. ಅದರಿಂದ ದೊರೆಯುವುದು ಐದು ಕಿಲೋಗಿಂತ ಕಡಿಮೆ ಬಲ. ಆ ಫ್ಯಾನನ್ನು ಕೊಂಡಿದ್ದರೆ ವಿಮಾನ ಮೈದಾನದ ತುದಿಯವರೆಗೆ ಓಡಿ ಬೇಲಿಗೆ ಬಡಿಯುವ ಸಂಭವವೇ ಹೆಚ್ಚು.

ಬ್ಯಾಟರಿ ಮತ್ತು ನಿಯಂತ್ರಕ

ಲಿಥಿಯಂ ಪಾಲಿಮರ್ ಕೋಶವೊಂದರ ಸಾಮಾನ್ಯ ವೋಲ್ಟೇಜ್ 3.7. ಹನ್ನೆರಡು ಕೋಶಗಳ ಸರಣಿಯಲ್ಲಿ 44.4 ವೋಲ್ಟ್ ಸಿಗುತ್ತದೆ. 4500 ವ್ಯಾಟ್ ಬೇಕಾದರೆ ವಿದ್ಯುತ್ ಪ್ರವಾಹ ಸುಮಾರು 100 ಆಂಪಿಯರ್. ಆರು ಕೋಶಗಳಿಂದಲೇ ಅಷ್ಟು ವ್ಯಾಟ್ ಎಳೆಯಹೊರಟರೆ ಪ್ರವಾಹ ಇಮ್ಮಡಿಯಾಗಿ ತಂತಿಗಳು ಕಾಯುತ್ತವೆ. ದೊಡ್ಡ ಜೆಟ್‌ಗೆ ಹನ್ನೆರಡು ಕೋಶ ಬೇಕೆನ್ನುವುದು ಇದಕ್ಕಾಗಿ. ವೇಗ ನಿಯಂತ್ರಕದ ಸಾಮರ್ಥ್ಯ ಬೇಕಾದುದಕ್ಕಿಂತ ಶೇಕಡಾ 25ರಷ್ಟಾದರೂ ಹೆಚ್ಚಿರಲಿ.

5000 ಮಿಲಿಆಂಪಿಯರ್ ಗಂಟೆಯ ಬ್ಯಾಟರಿ 100 ಆಂಪಿಯರ್‌ನಲ್ಲಿ ಮೂರೇ ನಿಮಿಷ ಬಾಳುತ್ತದೆ. ಐದನೆಯ ಒಂದು ಪಾಲನ್ನು ಉಳಿಸಿಕೊಂಡು, ವೇಗ ತಗ್ಗಿಸಿ ಹಾರಿಸಿದರೆ ಸುಮಾರು ನಾಲ್ಕು ನಿಮಿಷದ ಹಾರಾಟ. ಮನೆಯವರು ಇದನ್ನು ಕೊಳ್ಳುವ ಮೊದಲೇ ತಿಳಿದಿರಬೇಕು.

ಗಾಳಿಯ ದಾರಿ

ತೇಜಸ್‌ನ ಎರಡು ಪಕ್ಕಗಳಲ್ಲಿರುವ ಗಾಳಿಬಾಯಿಗಳು ಒಳಗೆ ಒಂದಾಗಿ ಸೇರುತ್ತವೆ. ಮಾದರಿಯಲ್ಲಿ ಅವೆರಡರ ಒಟ್ಟು ವಿಸ್ತೀರ್ಣ ಫ್ಯಾನು ಗಾಳಿ ಸೆಳೆಯುವ ವಿಸ್ತೀರ್ಣಕ್ಕಿಂತ ಕಡಿಮೆಯಿರಬಾರದು. 120 ಮಿಲಿಮೀಟರ್ ಫ್ಯಾನಿನಲ್ಲಿ ನಡುವಿನ ಗುಂಬವನ್ನು ಕಳೆದರೆ ಅದು ಸುಮಾರು 93 ಚದರ ಸೆಂಟಿಮೀಟರ್. ಬಾಯಿಯ ಅಂಚು ದುಂಡಗಿರಲಿ. ಹಿಂದಿನ ಕೊಳವೆ ಶೇಕಡಾ 85ರಿಂದ 90ಕ್ಕೆ ಕಿರಿದಾಗಲಿ.

ಗಾಳಿ ಸಾಲದೆಂದು ಕೆಲವರು ವಿಮಾನದ ಹೊಟ್ಟೆಯಲ್ಲಿ ಹೆಚ್ಚುವರಿ ರಂಧ್ರ ಕೊರೆಯುತ್ತಾರೆ. ನಮ್ಮ ಕೆಂಪುಕಲ್ಲಿನ ಪದವುಗಳಲ್ಲಿ ಇದು ಅಪಾಯಕರ. ಚಕ್ರದಿಂದ ಚಿಮ್ಮಿದ ಹರಳುಕಲ್ಲು ಅಲ್ಲಿಂದಲೇ ಒಳನುಗ್ಗುತ್ತದೆ.

ಇನ್ನೊಂದು ಮಾತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಗಾಳಿ ಕರಾವಳಿಯ ಗಾಳಿಗಿಂತ ಸುಮಾರು ಶೇಕಡಾ 9ರಷ್ಟು ತೆಳು. ಅಲ್ಲಿ ಪರೀಕ್ಷಿಸಿದ ಫ್ಯಾನು ಇಲ್ಲಿ ಅಷ್ಟೇ ಸುತ್ತು ತಿರುಗಿದರೆ ಹೆಚ್ಚು ಬಲ ಕೊಡುತ್ತದೆ, ಹೆಚ್ಚು ವಿದ್ಯುತ್ತನ್ನೂ ಎಳೆಯುತ್ತದೆ. ನಿಯಂತ್ರಕ ಸುಡದಿರಬೇಕಾದರೆ ಇಲ್ಲಿಯೇ ಮತ್ತೊಮ್ಮೆ ಅಳೆಯಬೇಕು.

ಅಳೆದು ಹಾರಿಸಿ

ಫ್ಯಾನನ್ನು ಚಕ್ರದ ಹಲಗೆಗೆ ಭದ್ರವಾಗಿ ಬಿಗಿದು, ಹಿಂದಿನಿಂದ ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ ನೂಕುಬಲ ನೋಡಿ. ವ್ಯಾಟ್ ಮೀಟರಿನಲ್ಲಿ ಪ್ರವಾಹ ನೋಡಿ. ಪೊಟ್ಟಣದ ಮೇಲಿನ ಅಂಕಿಗಿಂತ ಈ ಎರಡು ಅಂಕಿಗಳನ್ನು ನಂಬಿ.

ಪರೀಕ್ಷೆಯ ವೇಳೆ ಹಿರಿಯರು ಜೊತೆಗಿರಲೇಬೇಕು. ನಿಮಿಷಕ್ಕೆ 30,000 ಸುತ್ತು ತಿರುಗುವ 120 ಮಿಲಿಮೀಟರ್ ಫ್ಯಾನಿನ ಅಲಗಿನ ತುದಿ ಗಂಟೆಗೆ ಸುಮಾರು 680 ಕಿಲೋಮೀಟರ್ ವೇಗದಲ್ಲಿರುತ್ತದೆ. ಅದರ ಪಕ್ಕಕ್ಕೆ ಯಾರೂ ನಿಲ್ಲಬಾರದು. ಬ್ಯಾಟರಿಯನ್ನು ಮಲಗುವ ಕೋಣೆಯಲ್ಲಿ ಚಾರ್ಜ್ ಮಾಡಬೇಡಿ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಬೇಡಿ.

2021ರ ಡ್ರೋನ್ ನಿಯಮಗಳು ಮಾದರಿ ವಿಮಾನಗಳಿಗೂ ಅನ್ವಯಿಸುತ್ತವೆ. ಕಲಿಕೆಗಾಗಲಿ ಹವ್ಯಾಸಕ್ಕಾಗಲಿ ಹಾರಿಸುವ, 25 ಕಿಲೋ ಮೀರದ ವಿಮಾನ ಈ ವರ್ಗಕ್ಕೆ ಸೇರುತ್ತದೆ. ಅದು ಸದಾ ಕಣ್ಣಳತೆಯಲ್ಲಿರಬೇಕು. ಹಾರಿಸುವ ಮುನ್ನ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಸ್ಥಳವನ್ನೂ, ನೋಂದಣಿಯ ನಿಯಮವನ್ನೂ ನೋಡಿಕೊಳ್ಳಿ.

ಇಷ್ಟು ದೊಡ್ಡ ಜೆಟ್ ಮೊದಲ ವಿಮಾನವಾಗಬಾರದು. 64 ಅಥವಾ 70 ಮಿಲಿಮೀಟರ್ ಫ್ಯಾನಿನ ಹಗುರ ವಿಮಾನದಲ್ಲಿ ಕೈ ಪಳಗಲಿ; ಲೆಕ್ಕ ಅದೇ, ನಷ್ಟ ಕಡಿಮೆ. ಆ ವಿದ್ಯಾರ್ಥಿಗೂ ಇದನ್ನೇ ಹೇಳಿದೆ. ಮರುವಾರ ಅವನು ತಂದದ್ದು ಹೊಸ ಫ್ಯಾನಿನ ಹೆಸರಲ್ಲ. ಒಂದು ಹಾಳೆಯಲ್ಲಿ ತೂಕ, ವಿಸ್ತೀರ್ಣ, ವೋಲ್ಟ್, ಆಂಪಿಯರ್‌ಗಳನ್ನು ಸಾಲಾಗಿ ಬರೆದು ತಂದಿದ್ದ. ಲೆಕ್ಕ ಸರಿಯಾಗಿತ್ತು.