ಹಲ್ಲು ಬಿಟ್ಟ ನಾಯಿ ನಗುತ್ತಿದೆಯೇ? ಸಾಕುಪ್ರಾಣಿಗಳ ಚಿತ್ರಪುಸ್ತಕ ಮತ್ತು ಎಳೆಯ ಮಕ್ಕಳ ಕಲಿಕೆ

ನಮ್ಮ ಬೋಧನಾ ಅಭ್ಯಾಸ ಸಾಮಾನ್ಯವಾಗಿ ಪ್ರೌಢಶಾಲೆಯ ತರಗತಿಗಳಲ್ಲೇ ನಡೆಯುತ್ತದೆ. ಈ ಬಾರಿ ನಾನು ಹೋಗಿದ್ದ ಶಾಲೆಯ ಆವರಣದಲ್ಲಿ ಕಿರಿಯ ಪ್ರಾಥಮಿಕ ವಿಭಾಗವೂ ಇತ್ತು. ಅಲ್ಲಿನ ನಲಿ-ಕಲಿ ಶಿಕ್ಷಕಿ ಒಂದು ವಾರ ರಜೆಯಲ್ಲಿದ್ದುದರಿಂದ ಒಂದರಿಂದ ಮೂರನೆಯ ತರಗತಿಯ ಮಕ್ಕಳಿಗೆ ದಿನಕ್ಕೊಂದು ಅವಧಿ ಕಥೆ ಓದುವ ಕೆಲಸವನ್ನು ನನಗೆ ವಹಿಸಿದರು. ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿದವಳು ನಾನು. ‘ಸಾಕುಪ್ರಾಣಿಗಳು’ ಎಂಬ ವಿಷಯ ತೆಗೆದುಕೊಂಡರೆ ಕಷ್ಟವೇನೂ ಇರುವುದಿಲ್ಲ ಎಂದುಕೊಂಡೆ. ನಾಲ್ಕೈದು ಚಿತ್ರಪುಸ್ತಕ ಹೊಂದಿಸಿಕೊಂಡೆ. ಒಂದು ಪುಸ್ತಕದ ನಾಯಿಯನ್ನು ನೋಡಿ ದೊಡ್ಡ ಚಾರ್ಟ್ ಬರೆದೆ. ಆ ನಾಯಿ ಬಾಯಗಲಿಸಿ, ಎರಡೂ ಸಾಲು ಹಲ್ಲು ತೋರಿಸಿ ನಗುತ್ತಿತ್ತು.

ಮೊದಲ ದಿನ ಪಾಠ ಚೆನ್ನಾಗಿಯೇ ಆಯಿತು. ‘ನಾಯಿ ಏನು ಮಾಡುತ್ತಿದೆ?’ ಎಂದು ಕೇಳಿದಾಗ ಒಂದನೆಯ ತರಗತಿಯ ಹುಡುಗಿಯೊಬ್ಬಳು ಎಲ್ಲರಿಗಿಂತ ಮೊದಲು ‘ನಗ್ತೈತೆ ಮಿಸ್’ ಎಂದಳು. ಸರಿಯುತ್ತರ ಎಂದು ಚಪ್ಪಾಳೆ ಹೊಡೆಸಿದೆ. ಪಾಠಯೋಜನೆಯ ಪುಸ್ತಕದಲ್ಲಿ ‘ಪುನರ್ಬಲನ ನೀಡಲಾಯಿತು’ ಎಂದೂ ಬರೆದುಕೊಂಡೆ.

ಮೂರನೆಯ ದಿನ ಬಿಸಿಯೂಟದ ಹೊತ್ತಿಗೆ ಅದೇ ಹುಡುಗಿ ಅಡುಗೆ ಕೋಣೆಯ ಹಿಂಭಾಗಕ್ಕೆ ಹೋಗಿದ್ದಾಳೆ. ಸೌದೆ ರಾಶಿಯ ಪಕ್ಕ ಮರಿ ಹಾಕಿದ್ದ ಬೀದಿನಾಯಿಯೊಂದು ಮಲಗಿತ್ತು. ಇವಳು ಅನ್ನದ ಉಂಡೆ ಹಿಡಿದು ಕೈ ಚಾಚಿದಾಗ ಅದು ತುಟಿ ಮೇಲೆತ್ತಿ ಹಲ್ಲು ತೋರಿಸಿತು. ಅವಳು ಹಿಂದೆ ಸರಿಯಲಿಲ್ಲ. ಅಡುಗೆಯ ಅಕ್ಕ ಓಡಿಬಂದು ರಟ್ಟೆ ಹಿಡಿದು ಎಳೆದುಕೊಂಡರು. ಏನೂ ಆಗಲಿಲ್ಲ. ಬೈಗುಳ ತಿಂದು ಅಳುತ್ತಿದ್ದ ಅವಳು ಹೇಳಿದ್ದು ಒಂದೇ ಮಾತು: ‘ಅದು ನಗ್ತಿತ್ತು ಅಕ್ಕ.’

ನನ್ನ ಚಾರ್ಟೇ ಇದಕ್ಕೆ ಕಾರಣ ಎಂದು ಖಚಿತವಾಗಿ ಹೇಳಲಾರೆ. ಆದರೆ ಅವಳ ಉತ್ತರಕ್ಕೆ ಚಪ್ಪಾಳೆ ಹೊಡೆಸಿದವಳು ನಾನೇ. ಆ ಸಂಜೆ ಮಾರ್ಗದರ್ಶಕರಿಗೆ ವಿಷಯ ತಿಳಿಸಿದಾಗ ಅವರು ಗದರಲಿಲ್ಲ. ಕೆಲವು ಅಧ್ಯಯನಗಳನ್ನೂ ತಮ್ಮ ಸಂಗ್ರಹದ ಎರಡು ಇಂಗ್ಲಿಷ್ ಚಿತ್ರಪುಸ್ತಕಗಳನ್ನೂ ಕೊಟ್ಟು ಓದಿಕೊಂಡು ಬಾ ಎಂದರು. ಈ ಲೇಖನ ಆ ಓದಿನಿಂದ ಹುಟ್ಟಿದ್ದು.

ಮೊದಲು ಹಲ್ಲಿನ ವಿಷಯ. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದ ಕೆರ್‌ಸ್ಟಿನ್ ಮೈಂಟ್ಸ್ ಮತ್ತು ಸಂಗಡಿಗರು ಮೂರರಿಂದ ಐದು ವರ್ಷದ ಮಕ್ಕಳಿಗೂ ಅವರ ಪೋಷಕರಿಗೂ ನಾಯಿಗಳ ಬೇರೆ ಬೇರೆ ಮುಖಭಾವ, ದೇಹಭಂಗಿಗಳನ್ನು ತೋರಿಸಿ ‘ಈ ನಾಯಿಗೆ ಹೇಗನಿಸುತ್ತಿದೆ?’ ಎಂದು ಕೇಳಿದರು. 2018ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ, ಗುರುಗುಟ್ಟಿ ಹಲ್ಲು ತೋರಿಸುವ ನಾಯಿಯನ್ನು ಹಲವು ಎಳೆಯ ಮಕ್ಕಳು ಖುಷಿಯಾಗಿರುವ ನಾಯಿ ಎಂದೇ ತಿಳಿದಿದ್ದರು. ವಯಸ್ಸು ಕಡಿಮೆಯಾದಷ್ಟೂ ತಪ್ಪು ಹೆಚ್ಚು. ಮನುಷ್ಯರ ಮುಖದಲ್ಲಿ ಹಲ್ಲು ಕಂಡರೆ ನಗು. ಮಗು ಆ ತಿಳಿವಳಿಕೆಯನ್ನೇ ನಾಯಿಯ ಮುಖಕ್ಕೂ ಹಚ್ಚುತ್ತದೆ. ಸಮಾಧಾನದ ಸಂಗತಿಯೆಂದರೆ, ತೋರಿಸಿ ಹೇಳಿಕೊಟ್ಟ ಮೇಲೆ ಮಕ್ಕಳು ಸುಧಾರಿಸಿದರು.

ನಮ್ಮಲ್ಲಿ ಇದು ಬರಿಯ ಮುಖಭಾವದ ಪಾಠವಾಗಿ ಉಳಿಯುವುದಿಲ್ಲ. ರೇಬಿಸ್ ಶಂಕಿತ ಪ್ರಾಣಿಗಳಿಂದ ಕಚ್ಚಿಸಿಕೊಳ್ಳುವವರಲ್ಲಿ ಶೇ. 40ರಷ್ಟು ಮಂದಿ 15 ವರ್ಷದೊಳಗಿನ ಮಕ್ಕಳು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆನ್ನುವಷ್ಟು ಕಡಿಮೆ. ಕಚ್ಚಿದ ಕೂಡಲೇ ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಲಸಿಕೆ ಹಾಕಿಸಬೇಕು. ಚಿಕ್ಕ ಮಕ್ಕಳು ಬೈಗುಳಕ್ಕೆ ಹೆದರಿ ಕಚ್ಚಿದ್ದನ್ನೇ ಮುಚ್ಚಿಡುವುದುಂಟು. ಹಾಗಾಗಿ ‘ನಾಯಿ ಪರಚಿದರೂ ಮನೆಯಲ್ಲಿ ಹೇಳಬೇಕು, ಯಾರೂ ಬೈಯುವುದಿಲ್ಲ’ ಎಂಬ ಮಾತು ಇಂಥ ಪಾಠದಲ್ಲಿ ಬರಲೇಬೇಕು. ನನ್ನ ಮೊದಲ ಪಾಠಯೋಜನೆಯಲ್ಲಿ ಅದು ಇರಲಿಲ್ಲ.

ಹಾಗಾದರೆ ಪ್ರಾಣಿಗಳು ನಗುವ, ಮಾತಾಡುವ ಪುಸ್ತಕಗಳೇ ಬೇಡವೇ? ಟೊರಾಂಟೊದ ಪ್ಯಾಟ್ರಿಶಿಯಾ ಗಾನಿಯಾ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಹತ್ತಿರದ್ದು. ಮೂರರಿಂದ ಐದು ವರ್ಷದ ಮಕ್ಕಳಿಗೆ ಅವರು ಅಷ್ಟಾಗಿ ಕಾಣದ ಪ್ರಾಣಿಗಳ ಬಗ್ಗೆ ಎರಡು ಬಗೆಯ ಪುಸ್ತಕ ಓದಿದರು. ಒಂದರಲ್ಲಿ ಪ್ರಾಣಿ ಪ್ರಾಣಿಯಂತೆಯೇ ಇತ್ತು, ಇನ್ನೊಂದರಲ್ಲಿ ಅದು ಮನುಷ್ಯರಂತೆ ಮಾತಾಡುತ್ತ, ಯೋಚಿಸುತ್ತ ಇತ್ತು. ಎರಡನೆಯದನ್ನು ಕೇಳಿದ ಮಕ್ಕಳು ಆ ಪ್ರಾಣಿಯ ಬಗ್ಗೆ ನಿಜಾಂಶಗಳನ್ನು ಕಡಿಮೆ ಕಲಿತರು; ನಿಜವಾದ ಪ್ರಾಣಿಗೂ ಮನುಷ್ಯರ ಗುಣಗಳನ್ನು ಹೆಚ್ಚಾಗಿ ಆರೋಪಿಸಿದರು.

ಇದನ್ನು ಓದಿ ಪಂಚತಂತ್ರವನ್ನೇ ಕಪಾಟಿನಲ್ಲಿಡಬೇಕು ಎಂದು ನನಗನಿಸುವುದಿಲ್ಲ. ನರಿ ಸಿಂಹದ ಮಂತ್ರಿಯಾದಾಗ ಅದು ಕಥೆ ಎಂದು ಆರು ವರ್ಷದ ಮಗುವಿಗೂ ಗೊತ್ತಾಗುತ್ತದೆ. ಮನೆಯ ಮುಂದೆ ಹೋಗಿ ಪರೀಕ್ಷಿಸಲು ಅಲ್ಲಿ ಸಿಂಹವೂ ಇಲ್ಲ. ತೊಡಕಿರುವುದು ದಿನವೂ ಕಣ್ಣಿಗೆ ಬೀಳುವ ನಾಯಿ, ಬೆಕ್ಕುಗಳ ಪುಸ್ತಕಗಳಲ್ಲಿ. ಮಾರ್ಗದರ್ಶಕರು ಕೊಟ್ಟ ಎರಡು ಪುಸ್ತಕಗಳನ್ನೇ ನೋಡಿ. ಅಲೆಕ್ಸಾಂಡ್ರಾ ಡೇ ಅವರ ‘ಗುಡ್ ಡಾಗ್, ಕಾರ್ಲ್’ (1985) ಬಹುತೇಕ ಮಾತಿಲ್ಲದ, ಬಹಳ ಸುಂದರವಾದ ಪುಸ್ತಕ. ತಾಯಿ ಹೊರಗೆ ಹೋಗುತ್ತಾಳೆ, ರಾಟ್‌ವೈಲರ್ ನಾಯಿ ಕೂಸನ್ನು ಬೆನ್ನ ಮೇಲೆ ಕೂರಿಸಿಕೊಂಡು ಮನೆಯೆಲ್ಲ ಸುತ್ತುತ್ತದೆ, ಸ್ನಾನವನ್ನೂ ಮಾಡಿಸುತ್ತದೆ. ದೊಡ್ಡವರಿಗೆ ಅದು ತಮಾಷೆ. ಚಿತ್ರಗಳು ನಿಜದ ನಾಯಿಯಂತೆಯೇ ಇರುವುದರಿಂದ ಇದು ತಮಾಷೆ ಎಂಬ ಸುಳಿವು ಮಗುವಿಗೆ ಸಿಗುವುದು ಕಷ್ಟ.

ಜೀನ್ ಜಿಯಾನ್ ಬರೆದು ಮಾರ್ಗರೆಟ್ ಬ್ಲಾಯ್ ಗ್ರಹಾಂ ಚಿತ್ರ ಬಿಡಿಸಿದ ‘ಹ್ಯಾರಿ ದ ಡರ್ಟಿ ಡಾಗ್’ (1956) ಬೇರೆ ಥರ. ಕಪ್ಪು ಮಚ್ಚೆಯ ಬಿಳಿ ನಾಯಿಗೆ ಸ್ನಾನ ಬೇಡ. ಬ್ರಶ್ಶನ್ನು ಮಣ್ಣಿನಲ್ಲಿ ಹೂತು ಓಡಿಹೋಗುತ್ತದೆ. ಊರೆಲ್ಲ ಅಲೆದು ಬಿಳಿ ಮಚ್ಚೆಯ ಕಪ್ಪು ನಾಯಿಯಾಗಿ ಮರಳಿದಾಗ ಮನೆಯವರಿಗೇ ಗುರುತು ಸಿಗುವುದಿಲ್ಲ. ಇಲ್ಲಿಯೂ ನಾಯಿಗೆ ಮನಸ್ಸಿದೆ, ಆಸೆಯಿದೆ. ಆದರೆ ಅದು ಮಾಡುವುದೆಲ್ಲ ನೆಲ ಕೆದಕುವುದು, ಓಡುವುದು, ಹೂತಿಡುವುದು. ನಾಯಿಯ ಮೈಯನ್ನು ಬಿಟ್ಟುಕೊಡದೆಯೇ ಕಥೆ ಹೇಳಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಪುಟ ನೋಡುತ್ತ ಕನ್ನಡದಲ್ಲಿ ಹೇಳುತ್ತ ಹೋದೆ, ಮಕ್ಕಳು ಮೂರು ಸಲ ಓದಿಸಿಕೊಂಡರು.

ಇನ್ನೊಂದು ತೊಡಕು ನಮ್ಮ ಪದದಲ್ಲೇ ಇದೆ. ಇಂಗ್ಲಿಷಿನ ‘ಪೆಟ್’ ಎಂದರೆ ಮುದ್ದಿಗಾಗಿ ಸಾಕಿದ ಪ್ರಾಣಿ. ಕನ್ನಡದ ‘ಸಾಕುಪ್ರಾಣಿ’ಯಲ್ಲಿ ಹಸು, ಎಮ್ಮೆ, ಕುರಿ, ಕೋಳಿ ಎಲ್ಲವೂ ಸೇರುತ್ತವೆ. ನಾನು ತಂದಿದ್ದ ಪುಸ್ತಕಗಳಲ್ಲಿ ಪ್ರಾಣಿಗೆ ಒಂದು ಹೆಸರಿರುತ್ತದೆ, ಮನೆಯೊಳಗೆ ಜಾಗವಿರುತ್ತದೆ, ಅದು ಕೊನೆಯ ಪುಟದವರೆಗೂ ಅಲ್ಲೇ ಇರುತ್ತದೆ. ‘ನಿಮ್ಮನೆಯ ಸಾಕುಪ್ರಾಣಿ ಯಾವುದು?’ ಎಂದಾಗ ಮೂರನೆಯ ತರಗತಿಯ ಹುಡುಗನೊಬ್ಬ ‘ಟಗರು’ ಎಂದ. ಹೆಸರೇನು ಎಂದೆ. ‘ಹೆಸರಿಲ್ಲ ಮಿಸ್, ಎರಡು ಹಲ್ಲಾಗೈತೆ, ಹಬ್ಬಕ್ಕೆ ಮಾರ್ತಾರೆ’ ಎಂದ. ಮುಂದೆ ಏನು ಕೇಳಬೇಕೆಂದು ತಿಳಿಯದೆ ಮುಂದಿನ ಪುಟ ತಿರುಗಿಸಿಬಿಟ್ಟೆ. ವಾರವಿಡೀ ನನ್ನನ್ನು ಕಾಡಿದ್ದು ಆ ಪುಟ ತಿರುಗಿಸಿದ್ದೇ.

ಆ ಹುಡುಗನಿಗೆ ಗೊತ್ತಿದ್ದುದು ಕಡಿಮೆಯೇನಲ್ಲ. ಕುರಿಯ ಹಾಲುಹಲ್ಲು ಬಿದ್ದು ಮೊದಲ ಜೋಡಿ ದೊಡ್ಡ ಹಲ್ಲು ಬರುವುದು ಸುಮಾರು ಒಂದರಿಂದ ಒಂದೂವರೆ ವರ್ಷಕ್ಕೆ. ‘ಎರಡು ಹಲ್ಲು’ ಎಂದರೆ ವಯಸ್ಸಿನ ಲೆಕ್ಕ. ಮರುದಿನ ಇನ್ನೊಂದು ಪುಸ್ತಕದಲ್ಲಿ ಬಾಯ್ತುಂಬ ನಗುವ ಕುರಿಯ ಚಿತ್ರ ಬಂದಾಗ ಅವನೇ ಎದ್ದು ‘ಇದು ತಪ್ಪು ಮಿಸ್, ಕುರಿಗೆ ಮುಂದ್ಗಡೆ ಮೇಲೆ ಹಲ್ಲಿರಲ್ಲ’ ಎಂದ. ಅದು ನಿಜ. ಮೆಲುಕು ಹಾಕುವ ಕುರಿ, ಮೇಕೆ, ಹಸುಗಳಿಗೆ ಮೇಲ್ದವಡೆಯ ಮುಂಭಾಗದಲ್ಲಿ ಬಾಚಿಹಲ್ಲುಗಳಿಲ್ಲ, ಗಟ್ಟಿಯಾದ ವಸಡಿನ ದಿಂಡು ಇರುತ್ತದೆ. ಇದನ್ನು ಪದವಿಯಲ್ಲಿ ಓದಿದ್ದೆ, ಪರೀಕ್ಷೆಯಲ್ಲೂ ಬರೆದಿದ್ದೆ. ಚಿತ್ರದಲ್ಲಿ ಮಾತ್ರ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಪುಸ್ತಕದಲ್ಲಿ ನೋಡುವುದಕ್ಕೂ ಸಾಕುವುದಕ್ಕೂ ಇರುವ ವ್ಯತ್ಯಾಸವನ್ನು ಜಪಾನಿನ ಕಯೋಕೊ ಇನಗಾಕಿ 1990ರ ಅಧ್ಯಯನದಲ್ಲಿ ತೋರಿಸಿದ್ದಾರೆ. ಮನೆಯಲ್ಲಿ ಗೋಲ್ಡ್‌ಫಿಶ್ ಸಾಕಿದ್ದ ಶಿಶುವಿಹಾರದ ಮಕ್ಕಳು, ತಾವು ಸಾಕದ ಕಪ್ಪೆಯ ಬಗ್ಗೆ ಕೇಳಿದಾಗಲೂ ಮೀನಿನ ಅನುಭವವನ್ನು ಬಳಸಿ ಹೆಚ್ಚು ಸಮಂಜಸವಾದ ಉತ್ತರ ಕೊಟ್ಟರು. ನಮ್ಮ ಹಳ್ಳಿಯ ಮಕ್ಕಳಲ್ಲಿ ಹಲವರಿಗೆ ಈ ಅನುಭವ ಮೊದಲೇ ಇರುತ್ತದೆ. ಅವರಿಗೆ ಚಿತ್ರಪುಸ್ತಕ ಬೇಕಿರುವುದು ಗೊತ್ತಿರುವುದನ್ನು ಮಾತಾಗಿ, ಬರಹವಾಗಿ ಹೊರತರಲು, ಚಿತ್ರದೊಡನೆ ಹೋಲಿಸಿ ನೋಡಲು. ಹಾಗೆಂದು ಪುಸ್ತಕದ ತಪ್ಪು ಹಿಡಿಯುವುದೇ ಕೆಲಸವಾಗಬಾರದು. ಆದರೂ ಗಾಜಿನ ಬುಂಡೆಯಲ್ಲಿ ಒಂಟಿ ಮೀನು ಕಂಡರೆ ನಾನಂತೂ ಈಗ ನಿಲ್ಲುತ್ತೇನೆ. ಗೋಲ್ಡ್‌ಫಿಶ್ ಹತ್ತು ವರ್ಷಕ್ಕೂ ಮೇಲೆ ಬದುಕಬಲ್ಲದು, ಗೇಣುದ್ದ ಬೆಳೆಯಬಲ್ಲದು. ಬುಂಡೆ ಅದಕ್ಕೆ ಸಾಲದು.

ಸಾವಿನ ಪುಸ್ತಕಗಳ ಬಗ್ಗೆಯೂ ಒಂದು ಮಾತು. ಜುಡಿತ್ ವಿಯೋರ್ಸ್ಟ್ ಅವರ ‘ದ ಟೆಂತ್ ಗುಡ್ ಥಿಂಗ್ ಅಬೌಟ್ ಬಾರ್ನಿ’ (1971) ಬೆಕ್ಕು ಸತ್ತ ಮನೆಯ ಹುಡುಗನ ಕಥೆ. ಬೆಕ್ಕು ಸತ್ತಿದೆ ಎಂದೇ ಅದು ನೇರವಾಗಿ ಹೇಳುತ್ತದೆ. ನಾವು ‘ಮಲಗಿದೆ’, ‘ದೂರ ಹೋಗಿದೆ’ ಎನ್ನುತ್ತೇವೆ. ಸತ್ತದ್ದು ಮರಳಿ ಬರುವುದಿಲ್ಲ, ಅದಕ್ಕೆ ಹಸಿವು, ನೋವು ಇರುವುದಿಲ್ಲ ಎಂಬುದನ್ನು ಎಳೆಯ ಮಕ್ಕಳು ಹಂತಹಂತವಾಗಿ ಅರಿಯುತ್ತಾರೆ. ‘ಮಲಗಿದೆ’ ಎಂದರೆ ಎದ್ದೀತೆಂದು ಕಾಯುತ್ತಾರೆ. ಟಗರಿನ ಹುಡುಗನಿಗೆ ಇಂಥ ಪುಸ್ತಕ ಬೇಕಿತ್ತೇ ಎಂದು ಯೋಚಿಸಿದೆ. ಬೇಕಿದ್ದುದು ಪುಸ್ತಕವಲ್ಲ, ನಾನು ಪುಟ ತಿರುಗಿಸದೆ ಕೂರುವುದು ಎನಿಸಿತು. ನಾಲ್ಕನೆಯ ದಿನ ಕೇಳಿದೆ: ‘ಟಗರನ್ನು ಮಾರುವಾಗ ನೀನು ಮನೆಯಲ್ಲಿರುತ್ತೀಯಾ?’ ‘ಇರಲ್ಲ ಮಿಸ್, ಅಜ್ಜಿ ಮನೆಗೋಯ್ತೀನಿ’ ಎಂದ. ಪಕ್ಕದಲ್ಲಿದ್ದ ಇಬ್ಬರು ತಾವೂ ಹಾಗೇ ಎಂದರು.

ಕೊನೆಯ ಎರಡು ದಿನ ಪಾಠದ ಕ್ರಮ ಬದಲಿಸಿದೆ. ಓದುವ ಮೊದಲೇ ಉತ್ತರ ಹೇಳಿಕೊಡುವ ಬದಲು ಮಗುವೇ ಕಥೆ ಹೇಳುವಂತೆ ಪ್ರಶ್ನೆ ಕೇಳುತ್ತ ಓದುವುದು. ಗ್ರೋವರ್ ವೈಟ್‌ಹರ್ಸ್ಟ್ 1988ರಲ್ಲಿ ವಿವರಿಸಿದ ಸಂವಾದಾತ್ಮಕ ಓದು ಇದೇ. ಪ್ರತಿ ಪ್ರಾಣಿಗೂ ‘ಇದು ನಮ್ಮೂರಿನ ನಾಯಿಯ ಹಾಗೇ ಇದೆಯಾ? ಎಲ್ಲಿ ಬೇರೆ?’ ಎಂದು ಕೇಳಿದೆ. ಚಾರ್ಟನ್ನು ಹರಿಯಲಿಲ್ಲ. ಅದರ ಪಕ್ಕ ನಿಜವಾದ ನಾಯಿಗಳ ಮೂರು ಫೋಟೊ ಅಂಟಿಸಿದೆ: ಬಾಲ ಆಡಿಸುವುದು, ಬಾಲ ಮುದುರಿ ಹೆದರಿರುವುದು, ತುಟಿ ಎತ್ತಿ ಹಲ್ಲು ತೋರಿಸುವುದು. ತಿನ್ನುವ, ಮಲಗಿರುವ, ಮರಿಯೊಂದಿಗಿರುವ ನಾಯಿಯ ಹತ್ತಿರ ಹೋಗಬಾರದು; ನಾಯಿ ಎದುರು ಬಂದರೆ ಓಡದೆ ಮರದಂತೆ ನಿಲ್ಲಬೇಕು. ಇದನ್ನು ಅಂಗಳದಲ್ಲಿ ಆಟವಾಗಿ ಆಡಿಸಿದೆ. ಮರವಾಗಿ ನಿಲ್ಲುವುದು ಎಲ್ಲರಿಗೂ ಇಷ್ಟವಾಯಿತು, ನಗು ತಡೆಯುವುದೇ ಕಷ್ಟವಾಗಿತ್ತು.

ಆಮೇಲೆ ನಾಲ್ಕು ಹಾಳೆ ಮಡಿಸಿ ಹೊಲಿದು ಮಕ್ಕಳೇ ಒಂದು ಪುಸ್ತಕ ಮಾಡಿದರು. ಚಿಕ್ಕವರು ಚಿತ್ರ ಬರೆದರು, ಮೂರನೆಯ ತರಗತಿಯವರು ಅಡಿಬರಹ ಬರೆದರು. ಟಗರಿನ ಪುಟದಲ್ಲಿ ಕೆಳಸಾಲಿಗೆ ಮಾತ್ರ ಹಲ್ಲುಗಳಿವೆ. ಒಂದನೆಯ ತರಗತಿಯ ಆ ಹುಡುಗಿ ಸೌದೆ ರಾಶಿ, ನಾಯಿ, ನಾಲ್ಕು ಮರಿ ಬರೆದಿದ್ದಳು. ತನ್ನನ್ನು ಮಾತ್ರ ಪುಟದ ಮೂಲೆಯಲ್ಲಿ ಕಡ್ಡಿಯಷ್ಟು ಸಣ್ಣಗೆ ಬರೆದಿದ್ದಳು. ಯಾಕಿಷ್ಟು ಚಿಕ್ಕದು ಎಂದೆ. ‘ದೂರ ನಿಂತಿದೀನಲ್ಲ ಮಿಸ್’ ಎಂದಳು. ಎಮ್ಮೆಯ ಪುಟ ಮುಗಿಯುವಷ್ಟರಲ್ಲಿ ನನ್ನ ವಾರ ಮುಗಿಯಿತು; ರಜೆಯಿಂದ ಬಂದ ಶಿಕ್ಷಕಿ ಉಳಿದದ್ದನ್ನು ಬರೆಸಿ ಚಪ್ಪರಕ್ಕೆ ತೂಗುಹಾಕುವುದಾಗಿ ಹೇಳಿದ್ದಾರೆ.