ಮನೆಯ ಚಿತ್ರಕ್ಕೆ ಬೇರೊಂದು ಕತ್ತರಿ

ಕಳೆದ ದೀಪಾವಳಿಯಂದು ಪಡಸಾಲೆಯಲ್ಲಿ ನೀವು ತೆಗೆದ ವಿಡಿಯೊಗಳು ಇನ್ನೂ ಫೋನಿನಲ್ಲಿಯೇ ಉಳಿದಿರಬಹುದು. ಮೊಮ್ಮಗನ ಸುರುಸುರುಬತ್ತಿ ಅರ್ಧ ನಿಮಿಷ. ಎಣ್ಣೆನೀರಿನ ಗಡಿಬಿಡಿ ಎರಡು ನಿಮಿಷ. ಆರತಿ ಎತ್ತುತ್ತ ಅಜ್ಜಿ ಹೇಳಿದ ಹಾಡು ನಾಲ್ಕು ನಿಮಿಷ. ಆ ನಾಲ್ಕರಲ್ಲಿ ಒಂದು ನಿಮಿಷ ಬರಿಯ ನೆಲದ ಚಿತ್ರ. ಫೋನು ಹಿಡಿದವರು ಕೈ ಕೆಳಗಿಳಿಸಿ, ನಿಲ್ಲಿಸುವುದನ್ನು ಮರೆತಿದ್ದರು. ಬೇಡವಾದುದನ್ನು ಕತ್ತರಿಸಿ, ಬೇಕಾದುದನ್ನು ಜೋಡಿಸಿ, ಮೇಲೊಂದು ತಲೆಬರಹ ಕೊಟ್ಟು, ಐದು ನಿಮಿಷದ ಚಿತ್ರವೊಂದನ್ನು ದೂರದೂರಿನ ಮಗಳಿಗೆ ಕಳುಹಿಸಬೇಕೆಂದು ನಿಮ್ಮ ಆಸೆ.

ಆದರೆ ಇಷ್ಟು ದಿನ ಬಳಸುತ್ತಿದ್ದ ಆ್ಯಪ್ ಈಗ ತಿಂಗಳು ತಿಂಗಳೂ ಹಣ ಕೇಳುತ್ತಿದೆ; ಇಲ್ಲವೇ ಚಿತ್ರದ ಮೂಲೆಯಲ್ಲಿ ತನ್ನ ಹೆಸರಿನ ಮುದ್ರೆ ಒತ್ತುತ್ತಿದೆ; ಅಥವಾ ತೆರೆಯುವುದೇ ಇಲ್ಲ. ಇದು ನಿಮ್ಮೊಬ್ಬರ ಮನೆಗೆ ಬಂದ ತೊಂದರೆಯಲ್ಲ. ಮೈಕ್ರೊಸಾಫ್ಟ್ ಸಂಸ್ಥೆಯ ಮೂವೀ ಮೇಕರ್ ತಂತ್ರಾಂಶವು 2000ದಲ್ಲಿ ವಿಂಡೋಸ್ ಜೊತೆಗೆ ಬಂದು, ಎಷ್ಟೋ ಮನೆಗಳ ಮೊದಲ ಕತ್ತರಿಯಾಗಿತ್ತು. 2017ರ ಜನವರಿ 10ರಂದು ಸಂಸ್ಥೆಯೇ ಅದನ್ನು ಒದಗಿಸುವುದನ್ನು ನಿಲ್ಲಿಸಿತು. 2020ರ ಜೂನ್ 29ರಂದು ಭಾರತ ಸರ್ಕಾರವು 59 ಆ್ಯಪ್‌ಗಳನ್ನು ನಿಷೇಧಿಸಿದಾಗ, ಆ ಪಟ್ಟಿಯಲ್ಲಿ ವಿವಾವಿಡಿಯೊ ಎಂಬ ಸಂಕಲನದ ಆ್ಯಪ್ ಕೂಡ ಇತ್ತು. ಹೀಗಿರುವಾಗ ಬೇರೊಂದನ್ನು ಹುಡುಕುವ ರೀತಿಯನ್ನೂ, ಹುಡುಕುವ ಮೊದಲು ಮಾಡಬೇಕಾದ ಒಂದು ಕೆಲಸವನ್ನೂ ತಿಳಿದಿರುವುದು ಒಳ್ಳೆಯದು.

ಮೊದಲು, ಈ ಕತ್ತರಿಸುವ ಕೆಲಸ ಹೇಗೆ ನಡೆಯುತ್ತದೆಂಬುದನ್ನು ನೋಡೋಣ. ಹಿಂದೆ ಬಾನುಲಿ ನಿಲಯಗಳಲ್ಲಿ ಧ್ವನಿಸುರುಳಿಯನ್ನು ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ, ಅಂಟುಪಟ್ಟಿಯಿಂದ ಜೋಡಿಸುತ್ತಿದ್ದರು. ಬ್ಲೇಡು ತಪ್ಪಿದರೆ ಮಾತು ಹೋಯಿತೆಂದೇ ಲೆಕ್ಕ. ಇಂದಿನ ಆ್ಯಪ್ ಹಾಗೆ ಮಾಡುವುದಿಲ್ಲ. ನೀವು ಪರದೆಯ ಮೇಲೆ ಕತ್ತರಿಸಿದಂತೆ ಕಂಡರೂ ಮೂಲ ವಿಡಿಯೊ ಇದ್ದಂತೆಯೇ ಇರುತ್ತದೆ. ‘ಈ ತುಣುಕಿನ ಹನ್ನೆರಡನೆಯ ಸೆಕೆಂಡಿನಿಂದ ಮೂವತ್ತರವರೆಗೆ ತೋರಿಸು, ಬಳಿಕ ಆ ತುಣುಕನ್ನು ತೋರಿಸು, ಮೇಲೆ ಈ ಅಕ್ಷರಗಳನ್ನು ಇಡು’ ಎಂದು ಆ್ಯಪ್ ಒಂದು ಚೀಟಿ ಬರೆದುಕೊಳ್ಳುತ್ತದೆ, ಅಷ್ಟೆ. ಈ ಚೀಟಿಗೆ ಪ್ರಾಜೆಕ್ಟ್ ಎಂದು ಹೆಸರು. ಕಡೆಯಲ್ಲಿ ‘ಎಕ್ಸ್‌ಪೋರ್ಟ್’ ಎಂಬ ಗುಂಡಿ ಒತ್ತಿದಾಗಲೇ ಚೀಟಿಯಲ್ಲಿರುವಂತೆ ಹೊಸ ಚಿತ್ರ ಸಿದ್ಧವಾಗುವುದು.

ಅಡಿಗೆಯ ಚೀಟಿ ಬೇರೆ, ಅಡಿಗೆ ಬೇರೆ ಎಂಬುದು ಗೃಹಿಣಿಯರಿಗೆ ಹೇಳಬೇಕಾದ ಮಾತಲ್ಲ. ಒಂದು ಆ್ಯಪ್ ಬರೆದ ಚೀಟಿಯನ್ನು ಇನ್ನೊಂದು ಸಾಮಾನ್ಯವಾಗಿ ಓದಲಾರದು. ಫೋನಿನಿಂದ ಆ್ಯಪ್ ತೆಗೆದುಹಾಕಿದರೆ ಅದರೊಳಗಿನ ಚೀಟಿಗಳೂ ಬಹುಮಟ್ಟಿಗೆ ಅಳಿದುಹೋಗುತ್ತವೆ. ಮೂಲ ತುಣುಕುಗಳನ್ನು ಅಳಿಸಿದರೆ ಚೀಟಿ ಇದ್ದೂ ಪ್ರಯೋಜನವಿಲ್ಲ. ಅಕ್ಕಿಯೇ ಇಲ್ಲದೆ ಅನ್ನವಾದೀತೆ? ಆದುದರಿಂದ ಹಳೆಯ ಆ್ಯಪ್ ಇನ್ನೂ ತೆರೆಯುತ್ತಿದ್ದರೆ, ಅರ್ಧಕ್ಕೆ ನಿಂತ ಕೆಲಸಗಳನ್ನೆಲ್ಲ ಇದ್ದಂತೆಯೇ ಎಂಪಿ4 ರೂಪದಲ್ಲಿ ಎಕ್ಸ್‌ಪೋರ್ಟ್ ಮಾಡಿಬಿಡಿ. ಎಂಪಿ4 ಚಿತ್ರವನ್ನು ಫೋನು, ಕಂಪ್ಯೂಟರು, ಟೆಲಿವಿಷನ್, ಮುಂದೆ ನೀವು ಆರಿಸುವ ಹೊಸ ಆ್ಯಪ್ ಎಲ್ಲವೂ ಓದಬಲ್ಲವು. ಮೂಲ ತುಣುಕುಗಳನ್ನು ಬೇರೊಂದು ಕಡೆ ನಕಲು ಮಾಡಿಡಿ. ಹಳೆಯದನ್ನು ತೆಗೆದುಹಾಕುವುದು ಇವೆರಡೂ ಆದ ಮೇಲೆ.

ಇನ್ನು ಹುಡುಕಾಟ. ನೂರು ಚಮತ್ಕಾರಗಳಿರುವ ಆ್ಯಪ್ ನಿಮಗೆ ಬೇಕಿಲ್ಲ. ಮನೆಯ ಚಿತ್ರಕ್ಕೆ ಬೇಕಾದ ಕೆಲಸಗಳು ಐದೇ: ಕತ್ತರಿಸುವುದು, ಜೋಡಿಸುವುದು, ಧ್ವನಿಯನ್ನು ಹೆಚ್ಚು ಕಡಿಮೆ ಮಾಡುವುದು, ಅಕ್ಷರ ಬರೆಯುವುದು, ಮುದ್ರೆಯಿಲ್ಲದೆ ಉಳಿಸಿಕೊಳ್ಳುವುದು.

ಫೋನಿನಲ್ಲಿಯೇ ಕೆಲಸ ಮುಗಿಸುವವರಿಗೆ ಹಲವು ದಾರಿಗಳುಂಟು. ಬರಿಯ ತುದಿ ಕತ್ತರಿಸುವುದಾದರೆ ಹೊಸ ಆ್ಯಪ್ ಏಕೆ? ಗೂಗಲ್ ಫೋಟೋಸ್‌ನಲ್ಲಿಯೇ ಆ ಸೌಕರ್ಯವಿದೆ. ಜೋಡಿಸಿ ಅಕ್ಷರ ಹಾಕಬೇಕಾದವರು ವಿಎನ್, ಇನ್‌ಶಾಟ್, ಕೈನ್‌ಮಾಸ್ಟರ್ ಇವುಗಳನ್ನು ನೋಡಬಹುದು. ಕೈನ್‌ಮಾಸ್ಟರ್ ಹಣ ಕೊಡದವರ ಚಿತ್ರದ ಮೇಲೆ ತನ್ನ ಮುದ್ರೆ ಒತ್ತುತ್ತದೆಂಬುದು ನೆನಪಿರಲಿ. 2023ರಲ್ಲಿ ಯೂಟ್ಯೂಬ್ ಕ್ರಿಯೇಟ್ ಎಂಬುದು ಮೊದಲು ಕೆಲವೇ ದೇಶಗಳಲ್ಲಿ ಬಂತು. ಅವುಗಳಲ್ಲಿ ಭಾರತವೂ ಒಂದು. ಮೆಟಾ ಸಂಸ್ಥೆಯ ಎಡಿಟ್ಸ್ 2025ರಲ್ಲಿ ಬಂತು. ಆಪಲ್ ಫೋನು ಇರುವವರಿಗೆ ಆ ಸಂಸ್ಥೆಯ ಐಮೂವೀ ಬಿಟ್ಟಿಯಾಗಿ ದೊರೆಯುತ್ತದೆ.

ದೊಡ್ಡ ಪರದೆಯ ಮುಂದೆ ಕುಳಿತು ನಿಧಾನವಾಗಿ ಮಾಡಬೇಕೆನ್ನುವವರಿಗೆ ಕಂಪ್ಯೂಟರೇ ಅನುಕೂಲ. ವಿಂಡೋಸ್ 11ರಲ್ಲಿ ಮೂವೀ ಮೇಕರ್ ಇದ್ದ ಜಾಗಕ್ಕೆ ಕ್ಲಿಪ್‌ಚಾಂಪ್ ಬಂದಿದೆ. ಈ ಕಂಪನಿಯನ್ನು ಮೈಕ್ರೊಸಾಫ್ಟ್ 2021ರಲ್ಲಿ ಕೊಂಡುಕೊಂಡಿತು. ಶಾಟ್‌ಕಟ್, ಓಪನ್‌ಶಾಟ್, ಕೆಡೆನ್‌ಲೈವ್ ಎಂಬ ಮೂರು ಸ್ವತಂತ್ರ ತಂತ್ರಾಂಶಗಳಿವೆ. ಇವುಗಳ ಒಳಬರಹವನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಬೆಲೆಯಿಲ್ಲ, ಮುದ್ರೆಯಿಲ್ಲ. ಒಂದು ಕಂಪನಿ ಬಾಗಿಲು ಹಾಕಿದರೆ ತಾವೂ ಮುಚ್ಚಿಹೋಗುವ ಭಯ ಇವಕ್ಕೆ ಕಡಿಮೆ. ಡಾವಿಂಚಿ ರಿಸಾಲ್ವ್ ಎಂಬುದು ಸಿನಿಮಾದವರೂ ಬಳಸುವ ಸಾಧನ. ಅದಕ್ಕೊಂದು ಬಿಟ್ಟಿ ಆವೃತ್ತಿಯೂ ಉಂಟು. ಆದರೆ ಅದು ಬಲವಾದ ಕಂಪ್ಯೂಟರನ್ನು ಕೇಳುತ್ತದೆ. ಮಕ್ಕಳು ಓದಿಗೆ ಬಳಸಿ ಬಿಟ್ಟ ಹಳೆಯ ಲ್ಯಾಪ್‌ಟಾಪಿನಲ್ಲಿ ಅದನ್ನು ಓಡಿಸಹೊರಟರೆ ಯಂತ್ರಕ್ಕೂ ಬೇಸರ, ನಿಮಗೂ ಬೇಸರ.

ಇಷ್ಟು ಹೆಸರುಗಳಲ್ಲಿ ಯಾವುದನ್ನು ಹಿಡಿಯುವುದು? ಹೊಸ ಆ್ಯಪಿನಲ್ಲಿ ಮದುವೆಯ ಚಿತ್ರವನ್ನೇ ಮೊದಲು ಕೈಗೆತ್ತಿಕೊಳ್ಳಬೇಡಿ. ಮೂರು ಸಣ್ಣ ತುಣುಕು ತೆಗೆದುಕೊಂಡು, ಒಂದು ನಿಮಿಷದ ಚಿತ್ರ ಮಾಡಿ, ಎಕ್ಸ್‌ಪೋರ್ಟ್ ಮಾಡುವವರೆಗೂ ಹೋಗಿ. ಹಣದ ಮಾತು, ಮುದ್ರೆಯ ಮಾತು ಎಷ್ಟೋ ಆ್ಯಪ್‌ಗಳಲ್ಲಿ ಹೊರಗೆ ಬರುವುದು ಆ ಕಡೆಯ ಗುಂಡಿಯ ಬಳಿಯಲ್ಲಿಯೇ. ಎರಡು ಗಂಟೆ ದುಡಿದ ಮೇಲೆ ಅದು ತಿಳಿಯುವುದಕ್ಕಿಂತ ಹತ್ತು ನಿಮಿಷದಲ್ಲಿ ತಿಳಿಯುವುದು ಲೇಸು.

ಅದೇ ಪರೀಕ್ಷೆಯಲ್ಲಿ ಕನ್ನಡವನ್ನೂ ನೋಡಿಬಿಡಿ. ತಲೆಬರಹದಲ್ಲಿ ‘ಸ್ವಾತಂತ್ರ್ಯ’, ‘ಲಕ್ಷ್ಮೀ’ ಎಂಬ ಮಾತುಗಳನ್ನು ಬರೆಯಿರಿ. ಕೆಲವು ಆ್ಯಪ್‌ಗಳಲ್ಲಿ ಒತ್ತಕ್ಷರಗಳು ತಮ್ಮ ಸ್ಥಾನ ಬಿಟ್ಟು ಪಕ್ಕಕ್ಕೆ ಬಂದು ನಿಲ್ಲುತ್ತವೆ. ಇಲ್ಲವೇ ಅಕ್ಷರದ ಬದಲು ಬರಿಯ ಚೌಕಗಳು ಕಾಣುತ್ತವೆ. ಉಳಿದುದೆಲ್ಲ ಹಿಡಿಸಿ ಇದೊಂದೇ ಕೊರತೆಯಾದರೆ ಉಪಾಯವಿದೆ. ಬೇಕಾದ ಸಾಲನ್ನು ಬಿಳಿಯ ಹಾಳೆಯ ಮೇಲೆ ದುಂಡಾಗಿ ಬರೆದು, ಅದರ ಫೋಟೋ ತೆಗೆದು, ಚಿತ್ರದ ಮೊದಲಿಗೆ ಸೇರಿಸಿ. ಮನೆಯವರ ಕೈಬರಹಕ್ಕೆ ಯಾವ ಅಚ್ಚಿನ ಅಕ್ಷರವೂ ಸಮನಲ್ಲ.

ಮತ್ತೆ ಎರಡು ಎಚ್ಚರಿಕೆಗಳು. ಆ್ಯಪ್ ಹಾಕಿಕೊಳ್ಳುವಾಗ ಅದು ಕೇಳುವ ಅಪ್ಪಣೆಗಳನ್ನು ಓದಿ. ಚಿತ್ರಗಳನ್ನು ನೋಡಲು ಕೇಳುವುದು ಸಹಜ. ನಿಮ್ಮ ಬಂಧುಮಿತ್ರರ ದೂರವಾಣಿ ಸಂಖ್ಯೆಗಳು ಅದಕ್ಕೇಕೆ? ಕೊಡಬೇಡಿ. ಇನ್ನೊಂದು, ಹಿನ್ನೆಲೆಗೆ ಸಿನಿಮಾ ಹಾಡು ಸೇರಿಸಿದ ಚಿತ್ರವನ್ನು ಯೂಟ್ಯೂಬಿಗೆ ಹಾಕಿದರೆ, ಹಾಡಿನ ಹಕ್ಕುದಾರರು ಅದನ್ನು ತಡೆಯಬಹುದು. ಸಂಗೀತ ಬೇಕೇ ಬೇಕೆಂದರೆ ಯೂಟ್ಯೂಬಿನ ಆಡಿಯೋ ಲೈಬ್ರರಿಯಲ್ಲಿ ಬಿಟ್ಟಿಯಾಗಿ ಬಳಸಬಹುದಾದ ಸಂಗೀತ ದೊರೆಯುತ್ತದೆ. ಮನೆಯಲ್ಲಿ ವೀಣೆ ನುಡಿಸುವವರೋ, ಹಾಡುವವರೋ ಇದ್ದರೆ ಅದಕ್ಕಿಂತ ಬೇರೆ ಬೇಕೆ?

ಸಿದ್ಧವಾದ ಚಿತ್ರವನ್ನು ಕಳುಹಿಸುವಾಗಲೂ ಒಂದು ಸೂಕ್ಷ್ಮವಿದೆ. ವಾಟ್ಸ್‌ಆ್ಯಪಿನಲ್ಲಿ ವಿಡಿಯೊ ಎಂದು ಕಳುಹಿಸಿದರೆ ಅದು ಚಿತ್ರವನ್ನು ಕುಗ್ಗಿಸಿಬಿಡುತ್ತದೆ, ಮುಖಗಳು ಮಸುಕಾಗುತ್ತವೆ. ಅದನ್ನೇ ‘ಡಾಕ್ಯುಮೆಂಟ್’ ಎಂದು ಕಳುಹಿಸಿದರೆ ಇದ್ದಂತೆಯೇ ತಲುಪುತ್ತದೆ. ಫೋನಿನ ಒಳ್ಳೆಯ ವಿಡಿಯೊ ನಿಮಿಷಕ್ಕೆ ನೂರು ಮೆಗಾಬೈಟಿನ ಆಸುಪಾಸು ಜಾಗ ತಿನ್ನುವುದರಿಂದ, ವರ್ಷಕ್ಕೆರಡು ಬಾರಿಯಾದರೂ ಎಲ್ಲವನ್ನೂ ಹಾರ್ಡ್‌ಡಿಸ್ಕಿಗೋ ಪೆನ್‌ಡ್ರೈವಿಗೋ ಇಳಿಸಿ, ಹಬ್ಬದ ಹೆಸರು ಮತ್ತು ವರ್ಷ ಬರೆದಿಡುವ ಪದ್ಧತಿ ಇಟ್ಟುಕೊಳ್ಳಿ. ಒಂದೇ ಪ್ರತಿ ಸಾಲದು. ಇನ್ನೊಂದು ಪ್ರತಿ ಮಗಳ ಮನೆಯಲ್ಲಿರಲಿ.

ಇಂದು ನೀವು ಆರಿಸಿದ ಆ್ಯಪ್ ಇನ್ನು ಐದು ವರ್ಷಕ್ಕೆ ಇರುತ್ತದೋ ಇಲ್ಲವೋ, ಹೇಳಬಲ್ಲವರಿಲ್ಲ. ಇಲ್ಲದಿದ್ದರೆ ಬೇರೊಂದು ಕತ್ತರಿ ಸಿಕ್ಕೀತು. ಮೂಲ ತುಣುಕುಗಳೂ ಸಿದ್ಧವಾದ ಚಿತ್ರವೂ ನಿಮ್ಮ ಬಳಿ ಇದ್ದರೆ, ಹೊಸದನ್ನು ಕಲಿಯಲು ಒಂದು ಭಾನುವಾರ ಸಾಕು. ಆದರೆ ಅಜ್ಜಿ ಆರತಿ ಎತ್ತುತ್ತ ಹೇಳಿದ ಆ ಹಾಡನ್ನು ಎರಡನೆಯ ಸಲ ತೆಗೆದುಕೊಳ್ಳುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ. ಈ ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ, ಮೊದಲು ಅದನ್ನು ನಕಲು ಮಾಡಿಡಿ. ಕತ್ತರಿಯ ವಿಚಾರ ಆಮೇಲೆ ನೋಡಿಕೊಂಡರಾಯಿತು.